ಕಡೂರಿನ ಬಿಸಿಲು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಡೂರಿನಿಂದ ಒಬ್ಬ ಹುಡುಗ ಬಸ್ಸು ಹಿಡಿದು ಮನೆಗೆ ಬಂದ. ಕೈಯಲ್ಲಿ ತರಕಾರಿ ಬುಟ್ಟಿ, ಮೇಲೆ ಟವೆಲ್ ಮುಚ್ಚಿತ್ತು. ಒಳಗಿದ್ದದ್ದು ನಾಲ್ಕು ತಿಂಗಳ ಹಿಂದೆ ನಾನೇ ಅವನಿಗೆ ಮಾರಿದ ಇಗ್ವಾನಾ ಅನ್ನುವ ದೊಡ್ಡ ಹಲ್ಲಿ ಜಾತಿಯ ಮರಿ. ಟವೆಲ್ ಸರಿಸಿದರೆ ಅದು ತಲೆ ಎತ್ತಲಿಲ್ಲ. ಇಗ್ವಾನಾ ಮರಿ ಅಂದರೆ ಮುಚ್ಚಳ ತೆಗೆದ ತಕ್ಷಣ ಹಾರಿ ಓಡಬೇಕು, ಹಿಡಿಯಲು ಹೋದರೆ ಬಾಲದಲ್ಲಿ ಬಾರಿಸಬೇಕು. ಇದು ಹಾಗೇ ಮಲಗಿತ್ತು. ಕೈಗೆ ತೆಗೆದುಕೊಂಡು ಕೆಳದವಡೆ ಮುಟ್ಟಿದೆ. ಮೂಳೆ ಸಿಗಬೇಕಾದ ಜಾಗದಲ್ಲಿ ರಬ್ಬರ್ ಒತ್ತಿದ ಹಾಗಾಯಿತು. ಹಿಂಗಾಲಿನ ಉದ್ದ ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ನನಗೆ ಏನಾಗಿದೆ ಅಂತ ಆಗಲೇ ಗೊತ್ತಾಯಿತು. ಸುಣ್ಣದ ಅಂಶ ಸಾಲದೆ ಮೂಳೆ ಮೆತ್ತಗಾಗುವ ಕಾಯಿಲೆ. ಸಾಕಿದ ಇಗ್ವಾನಾಗಳಿಗೆ ಬಿಸಿಲು ಸಿಗದೇ ಹೋದರೆ ಬರುವುದೇ ಇದು.

"ದಿನಾ ಬಿಸಿಲಿಗೆ ಇಟ್ಟಿದ್ದೀನಿ ಅಕ್ಕ. ಒಂದು ದಿನಾನೂ ತಪ್ಸಿಲ್ಲ," ಅಂದ.

ಹತ್ತು ತಿಂಗಳಾಯಿತು. ಆ ಮಾತು ಇನ್ನೂ ತಲೆಯಲ್ಲೇ ಇದೆ. ಯಾಕೆಂದರೆ ಅವನು ಸುಳ್ಳು ಹೇಳುತ್ತಿರಲಿಲ್ಲ.

ಬಿಸಿಲಿಲ್ಲದ ಊರಲ್ಲಿ ಬಿಸಿಲಿನ ಪ್ರಾಣಿ

ನಾನಿರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಇಗ್ವಾನಾ ನನ್ನ ಹುಚ್ಚು. 2016ರಲ್ಲಿ ಮೊದಲನೆಯದು ಬಂತು, ಮುಂದಿನ ವರ್ಷ ಇನ್ನೊಂದು. ಹೆಣ್ಣು ಪಚ್ಚೆ, ಗಂಡು ರಾಜ. ಇವು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಕಾಡಿನ ಪ್ರಾಣಿಗಳು. ಹೊಳೆ ದಡದ ಮರದ ತುದಿಯಲ್ಲಿ ಬಿಸಿಲು ಕಾಯಿಸುತ್ತಾ ಕೂರುವಂಥವು. ಅಂಥದ್ದನ್ನು ಸಾವಿರ ಮೀಟರಿಗೂ ಎತ್ತರದ ಊರಲ್ಲಿ ಸಾಕುವುದು ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ವಾರಗಟ್ಟಲೆ ಮುಳ್ಳಯ್ಯನಗಿರಿ ಕಾಣುವುದಿಲ್ಲ. ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಹಲ್ಲಿ ಜಾತಿಯ ಪ್ರಾಣಿಯ ಮೈ ಕಾಯುವುದು ಎಲ್ಲಿಂದ? ಇವಕ್ಕೆ ಹಗಲು ಹೊತ್ತು ಒಂದು ಕಡೆಯಾದರೂ 35 ಡಿಗ್ರಿ ದಾಟಿದ ಜಾಗ ಬೇಕು. ಮೈ ಕಾಯದೆ ತಿಂದದ್ದು ಕರಗುವುದಿಲ್ಲ. ಡಿಸೆಂಬರ್ ರಾತ್ರಿ ನಮ್ಮ ಹಿತ್ತಲ ಥರ್ಮಾಮೀಟರ್ 14 ತೋರಿಸುತ್ತದೆ.

ಹಾಗಾಗಿ ಮೊದಲ ದಿನದಿಂದ ನನ್ನ ಯೋಚನೆ ಎಲ್ಲಾ ಬಿಸಿಲಿನದ್ದೇ. ಶಾಖ ಕೊಡುವ ಬಲ್ಬು ಬೇರೆ, ಯುವಿಬಿ ಟ್ಯೂಬು ಬೇರೆ. ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣ ಚರ್ಮಕ್ಕೆ ಬಿದ್ದರೆ ಮಾತ್ರ ಇಗ್ವಾನಾದ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಸೊಪ್ಪಿನ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಈ ಟ್ಯೂಬಿನ ತೊಂದರೆ ಏನೆಂದರೆ, ಆರು ತಿಂಗಳೋ ವರ್ಷವೋ ಆದ ಮೇಲೆ ಬೆಳಕು ಮೊದಲಿನ ಹಾಗೇ ಇರುತ್ತದೆ, ಯುವಿಬಿ ಮಾತ್ರ ಸೋರಿಹೋಗಿರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಟ್ಯೂಬಿನ ಮೇಲೆ ತಾರೀಖು ಬರೆದಿಡುತ್ತೇನೆ. ಮಳೆಗಾಲದಲ್ಲಿ ಮಧ್ಯಾಹ್ನ ಊಟಕ್ಕೆ ಬಂದಾಗ ಮೋಡ ಹತ್ತು ನಿಮಿಷ ಸರಿದರೂ ಸಾಕು, ಪಚ್ಚೆ, ರಾಜ ಎರಡನ್ನೂ ಎತ್ತಿಕೊಂಡು ತಾರಸಿಗೆ ಓಡುತ್ತೇನೆ. ಅತ್ತೆ ಊಟ ಬಡಿಸಿಟ್ಟು ಕಾಯುತ್ತಾರೆ.

ಅತ್ತೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಮೊದಲು ಅವರಿಗೆ ಇವುಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಕಣ್ಣಿಗೆ ಅದು ಉಡ, ಉಡ ಮನೆ ಹೊಕ್ಕರೆ ಅಪಶಕುನ. ಆದರೆ ಇದು ಸೊಪ್ಪು, ಹೂವು, ಹಣ್ಣು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅಂತ ಗೊತ್ತಾದ ಮೇಲೆ ಅವರ ಮನಸ್ಸು ಬದಲಾಯಿತು. ಈಗ ಬೆಳಿಗ್ಗೆ ದಾಸವಾಳ ಬಿಡಿಸುವಾಗ ದೇವರಿಗೆ ಐದು, ಪಚ್ಚೆಗೆ ಐದು ಅಂತ ಅವರೇ ಎಣಿಸಿ ಬೇರೆ ಮಾಡುತ್ತಾರೆ. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ತುರಿದ ಸಿಹಿಗುಂಬಳ ಇವೇ ದಿನದ ಊಟ. ಹೊರಗಿನ ತೋಟದ ಎಲೆ ಮಾತ್ರ ತರುವುದಿಲ್ಲ. ಯಾರು ಯಾವಾಗ ಬೋರ್ಡೋ ಔಷಧಿ ಹೊಡೆದಿರುತ್ತಾರೋ ಗೊತ್ತಾಗುವುದಿಲ್ಲ ಅಲ್ವಾ?

ಥರ್ಮೋಕೋಲ್ ಪೆಟ್ಟಿಗೆ

2024ರ ಫೆಬ್ರವರಿಯಲ್ಲಿ ಪಚ್ಚೆ 34 ಮೊಟ್ಟೆ ಇಟ್ಟಳು. ಅದಕ್ಕೂ ಮುಂಚೆ ಎರಡು ವಾರ ಊಟ ಬಿಟ್ಟಿದ್ದಳು. ಹೊಟ್ಟೆ ಎರಡೂ ಕಡೆ ಉಬ್ಬಿ, ಚರ್ಮದ ಮೇಲೆ ಮೊಟ್ಟೆಗಳ ಗುರುತು ಕಾಣುತ್ತಿತ್ತು. ಹಸಿ ಮರಳು ತುಂಬಿದ ದೊಡ್ಡ ಟಬ್ಬಿನಲ್ಲಿ ಎರಡು ದಿನ ತೋಡಿದಳು, ಮುಚ್ಚಿದಳು, ಮತ್ತೆ ತೋಡಿದಳು. ಮೂರನೇ ದಿನ ಸಂಜೆ ನೋಡಿದರೆ ಮೈಯೆಲ್ಲಾ ಮರಳು, ಹೊಟ್ಟೆ ಜೋತುಬಿದ್ದ ಖಾಲಿ ಚೀಲ. ಇವುಗಳ ಮೊಟ್ಟೆ ಕೋಳಿ ಮೊಟ್ಟೆ ಹಾಗೆ ಗಟ್ಟಿ ಇರುವುದಿಲ್ಲ. ಮೆತ್ತನೆ ತೊಗಲಿನ ಸಿಪ್ಪೆ. ಕೋಳಿಯಾದರೆ ಕಾವಿನಲ್ಲಿ ಮೊಟ್ಟೆ ತಿರುಗಿಸುತ್ತಾ ಇರುತ್ತದೆ, ಇದನ್ನು ತಿರುಗಿಸಲೇಬಾರದು. ತಿರುಗಿದರೆ ಒಳಗಿನ ಜೀವ ಹೋಗುವ ಭಯ. ಮರಳಿನಿಂದ ಒಂದೊಂದನ್ನೇ ತೆಗೆಯುವಾಗ ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ, ಅದೇ ಭಂಗಿಯಲ್ಲಿ ಡಬ್ಬಿಗೆ ಇಳಿಸಬೇಕು. ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಮಾತ್ರ ಒದ್ದೆ. ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನೀರು, ನೀರಿನಲ್ಲಿ ಅಕ್ವೇರಿಯಂ ಹೀಟರ್, ನೀರಿನ ಮಟ್ಟಕ್ಕಿಂತ ಮೇಲೆ ಬರುವ ಹಾಗೆ ಇಟ್ಟಿಗೆ, ಇಟ್ಟಿಗೆ ಮೇಲೆ ಡಬ್ಬಿ. 30 ಡಿಗ್ರಿ. ಸುಮಾರು ಮೂರು ತಿಂಗಳು.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಗುಡುಗು ಮಳೆಗೆ ಕರೆಂಟು ಹೋಗಿದ್ದು ಬೆಳಗಾದರೂ ಬರಲಿಲ್ಲ. ಯುಪಿಎಸ್ ಬ್ಯಾಟರಿ ಮುಗಿಯಿತು. ಗಂಡ ಒಲೆ ಮೇಲೆ ನೀರು ಕಾಯಿಸಿ ಬಾಟಲಿಗೆ ತುಂಬಿ ಕೊಡುವುದು, ನಾನು ಪೆಟ್ಟಿಗೆಯಲ್ಲಿಡುವುದು. ಬೆಳಗಿನ ಐದರವರೆಗೂ ಇದೇ ಆಯಿತು.

ಮೇ ತಿಂಗಳಲ್ಲಿ ಮೊದಲ ಮೊಟ್ಟೆ ಬಿರಿದಿದ್ದನ್ನು ಕೂತು ನೋಡಿದೆ. ಸಿಪ್ಪೆಯ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಒಂದು ಗೆರೆ ಕಾಣಿಸಿತು. ಮರಿಯ ಮೂತಿಯ ತುದಿಯಲ್ಲಿ ಒಂದು ಸಣ್ಣ ಮೊನೆ ಇರುತ್ತದೆ, ಅದರಿಂದ ಕೊಯ್ದುಕೊಳ್ಳುತ್ತದೆ. ಗೆರೆಯಿಂದ ಒಂದು ಹನಿ ಅಂಟು ನೀರು ಇಳಿಯಿತು. ಆಮೇಲೆ ಹಸಿರು ಮೂತಿ. ಆಮೇಲೆ ಒಂದು ಕಣ್ಣು. ಆ ಕಣ್ಣು ನನ್ನನ್ನು ನೋಡಿತು, ರೆಪ್ಪೆ ಮುಚ್ಚಿ ತೆರೆಯಿತು, ಸರ್ರನೆ ಒಳಗೆ ಹೋಯಿತು. ಮರಿ ತಕ್ಷಣ ಹೊರಗೆ ಬರುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಹಳದಿ ಭಾಗ ಪೂರ್ತಿ ಹೀರಿಕೊಳ್ಳುವ ತನಕ ದಿನವಿಡೀ ಹಾಗೇ ತಲೆ ಹಾಕಿ ನೋಡುತ್ತಾ ಕೂರುತ್ತದೆ. ಎಳೆಯಬಾರದು, ಸಹಾಯ ಮಾಡಬಾರದು, ಕಾಯಬೇಕು. ಮೂರು ದಿನದಲ್ಲಿ 27 ಮರಿಗಳು ಬಂದವು. ಒಂದೊಂದೂ ಗೇಣುದ್ದ, ಅದರಲ್ಲಿ ಮುಕ್ಕಾಲು ಬಾಲವೇ. ಮೊದಲ ವಾರ ಪಚ್ಚೆಯ ಸಗಣಿಯ ಚೂರನ್ನು ಮರಿಗಳ ಪೆಟ್ಟಿಗೆಯಲ್ಲಿ ಇಡುತ್ತೇನೆ. ಎಲೆ ಅರಗಿಸುವ ಬ್ಯಾಕ್ಟೀರಿಯಾ ಅವಕ್ಕೆ ಹಿರಿಯರಿಂದ ಸಿಗಬೇಕು. ಕಾಡಿನಲ್ಲೂ ಹೀಗೇ ಪಡೆಯುತ್ತವೆ.

ಹೇಳದೇ ಬಿಟ್ಟ ಮಾತು

ಮರಿ ಮಾಡಿಸುವುದಕ್ಕಿಂತ ಮಾರುವುದು ಕಷ್ಟ. 27 ಮರಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಒಂದೊಂದೂ ಐದು ಅಡಿಗೆ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷ ದಾಟಿ ಬದುಕುತ್ತದೆ. ಗಂಡು ಎರಡಿದ್ದರೆ ಕಚ್ಚಾಡುತ್ತವೆ. ಕೊಡಲೇಬೇಕು. ನಾನು ಅಂಗಡಿಗೆ ಕೊಡುವುದಿಲ್ಲ. ಮನೆಗೇ ಬಂದು ನೋಡಿದವರಿಗೆ 4,000 ರೂಪಾಯಿಗೆ ಕೊಡುತ್ತೇನೆ. ಕೂರಿಸಿ ಒಂದು ಗಂಟೆ ಮಾತಾಡುತ್ತೇನೆ. ಮೂಗಿನಿಂದ ಉಪ್ಪು ನೀರು ಚಿಮ್ಮಿಸಿ ಗಾಜಿನ ಮೇಲೆ ಬಿಳಿ ಕಲೆ ಮಾಡುತ್ತದೆ, ಅದು ನೆಗಡಿ ಅಲ್ಲ, ಹೆದರಬೇಡಿ. ಬಾಲ ಹಿಡಿದು ಎಳೆಯಬೇಡಿ, ಕಳಚಿ ಬರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪಾಲಕ್ ದಿನಾ ಹಾಕಬೇಡಿ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಚಿಕ್ಕಮಗಳೂರಿನವರು, ಮೂಡಿಗೆರೆ, ಕೊಪ್ಪದ ಕಡೆಯವರು ಬಂದರೆ ಯುವಿಬಿ ಟ್ಯೂಬಿನ ಬಗ್ಗೆಯೇ ಅರ್ಧ ಗಂಟೆ ಹೇಳುತ್ತೇನೆ. ಟ್ಯೂಬು ತಂದು ತೋರಿಸದಿದ್ದರೆ ಮರಿ ಕೊಡುವುದಿಲ್ಲ.

ಕಡೂರಿನ ಹುಡುಗ ಬಂದಾಗ ಆ ಅರ್ಧ ಗಂಟೆಯನ್ನು ಬಿಟ್ಟೆ. ಅವನು ಐಟಿಐ ಓದುತ್ತಿದ್ದ. ದುಡ್ಡನ್ನು ಹತ್ತು, ಇಪ್ಪತ್ತು, ಐವತ್ತರ ನೋಟಿನಲ್ಲಿ ತಂದಿದ್ದ. ಕೂಡಿಟ್ಟ ದುಡ್ಡು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಟ್ಯೂಬು ಬೇಕು ಅಂದರೆ ಇನ್ನೂ ಎರಡು ಮೂರು ಸಾವಿರ ಖರ್ಚು. ನಾನು ಅಂದುಕೊಂಡೆ, ಕಡೂರಿಗೆ ಬಿಸಿಲಿಗೇನು ಬರ? ಅದು ಬಯಲುಸೀಮೆ. ಇಲ್ಲಿ ನಾನು ಹತ್ತು ನಿಮಿಷದ ಬಿಸಿಲಿಗೆ ಮೆಟ್ಟಿಲು ಹತ್ತಿ ಓಡುತ್ತೇನೆ, ಅಲ್ಲಿ ವರ್ಷಪೂರ್ತಿ ಸುರಿಯುತ್ತದೆ. ಅವನ ಮೇಲೆ ಒಂಥರಾ ಹೊಟ್ಟೆಕಿಚ್ಚೇ ಆಯಿತು. "ನಿಮ್ಮೂರಲ್ಲಿ ಟ್ಯೂಬೆಲ್ಲಾ ಬೇಡಪ್ಪ, ದಿನಾ ಬೆಳಿಗ್ಗೆ ಒಂದೆರಡು ಗಂಟೆ ಬಿಸಿಲಿಗೆ ಇಡು, ಸಾಕು" ಅಂದೆ. ಅಷ್ಟೇ ಹೇಳಿದೆ. ಅವನು ತಲೆ ಆಡಿಸಿದ.

ನವೆಂಬರ್‌ನಲ್ಲಿ ಫೋನ್ ಮಾಡಿದ್ದ. "ತೊಡೆ ಎಲ್ಲಾ ಚೆನ್ನಾಗಿ ತುಂಬ್ಕೊಂಡಿದೆ ಅಕ್ಕ, ಗುಂಡಗುಂಡಗಿದೆ." ನನಗೆ ಖುಷಿಯಾಯಿತು. ಫೋಟೋ ಕಳಿಸು ಅಂತ ಕೇಳಲಿಲ್ಲ. ಆ ತೊಡೆ ತುಂಬಿದ್ದು ಮಾಂಸದಿಂದ ಅಲ್ಲ. ಮೂಳೆಯಲ್ಲಿ ಸುಣ್ಣ ಕಡಿಮೆಯಾದಾಗ ಆ ಜಾಗವನ್ನು ನಾರಿನಂಥ ಅಂಗಾಂಶ ತುಂಬಿಕೊಂಡು ಕಾಲು ಊದುತ್ತದೆ. ಹೊರಗಿನಿಂದ ನೋಡುವವರಿಗೆ ದಷ್ಟಪುಷ್ಟ ಅನಿಸುತ್ತದೆ. ಇದನ್ನು ನಾನು ಬಲ್ಲೆ. ಬಲ್ಲವಳೇ ಫೋನಿನಲ್ಲಿ "ಭೇಷ್" ಅಂದುಬಿಟ್ಟೆ.

ಜನವರಿಯ ಆ ಭಾನುವಾರ ಒಂದೊಂದಾಗಿ ಕೇಳುತ್ತಾ ಹೋದೆ. ಎಲ್ಲಿ ಇಟ್ಟಿದ್ದೆ? ಕಿಟಕಿ ಹತ್ತಿರ ಅಕ್ಕ, ಪೂರ್ವದ ಕಿಟಕಿ. ಎಷ್ಟು ಹೊತ್ತು ಬಿಸಿಲು ಬೀಳುತ್ತಿತ್ತು? ಎಂಟರಿಂದ ಹತ್ತು, ಹತ್ತೂವರೆ. ಯಾವುದರಲ್ಲಿ ಇಟ್ಟಿದ್ದೆ? ಹಳೇ ಮೀನಿನ ಟ್ಯಾಂಕು. ಮುಚ್ಚಳ? ಗಾಜಿಂದೇ. ಕಿಟಕಿ ತೆರೆದಿರುತ್ತಿತ್ತಾ? "ಇಲ್ಲ ಅಕ್ಕ, ಬೆಕ್ಕು ಬರುತ್ತೆ."

ಗಾಜು. ಕಿಟಕಿಯದ್ದೊಂದು, ಟ್ಯಾಂಕಿನದ್ದೊಂದು. ಗಾಜಿನ ಮೂಲಕ ಬೆಳಕು ಬರುತ್ತದೆ, ಶಾಖ ಬರುತ್ತದೆ, ಯುವಿಬಿ ಹೆಚ್ಚುಕಡಿಮೆ ಪೂರ್ತಿ ಅಲ್ಲೇ ನಿಂತುಹೋಗುತ್ತದೆ. ಮರಿ ನಾಲ್ಕು ತಿಂಗಳು ಕಡೂರಿನ ಬಿಸಿಲಿನಲ್ಲೇ ಕೂತಿತ್ತು. ಅದರ ಚರ್ಮಕ್ಕೆ ಬೇಕಾದದ್ದು ಮಾತ್ರ ಒಂದು ದಿನವೂ ಸಿಕ್ಕಿರಲಿಲ್ಲ. ಮೂಡಿಗೆರೆಯ ಮಳೆಯಲ್ಲಿ ಟ್ಯೂಬಿನ ಕೆಳಗೆ ಬೆಳೆದ ಅದರ ಒಡಹುಟ್ಟು ಗಟ್ಟಿಮುಟ್ಟಾಗಿದೆ. ಬಿಸಿಲಿನ ಊರಿಗೆ ಹೋದ ಮರಿಗೆ ಹೀಗಾಯಿತು.

"ನನ್ನ ತಪ್ಪಾ ಅಕ್ಕ?" ಅಂತ ಕೇಳಿದ. ಅವನ ಕಣ್ಣು ಬುಟ್ಟಿಯ ಮೇಲಿತ್ತು. ಇಲ್ಲಪ್ಪ, ನಾನು ಹೇಳಬೇಕಾಗಿದ್ದ ಒಂದು ಮಾತು ಹೇಳಲಿಲ್ಲ, ಅಂದೆ. ಅತ್ತೆ ಅವನಿಗೆ ಅಕ್ಕಿ ರೊಟ್ಟಿ ಕೊಟ್ಟರು. ತಿನ್ನಲಿಲ್ಲ.

ಅವತ್ತಿನಿಂದ ಯೋಚಿಸುತ್ತಿದ್ದೇನೆ. ನಮಗೆ ಯಾವುದು ಕಷ್ಟವೋ ಅದನ್ನು ಮಾತ್ರ ನಾವು ಇನ್ನೊಬ್ಬರಿಗೆ ವಿವರವಾಗಿ ಹೇಳುತ್ತೇವೆ. ನನಗೆ ಬಿಸಿಲು ಸಿಗುವುದೇ ಕಷ್ಟ. ಹಾಗಾಗಿ ಬಿಸಿಲು ಸಿಕ್ಕರೆ ಎಲ್ಲಾ ಮುಗಿಯಿತು ಅಂದುಕೊಂಡಿದ್ದೆ. ಸಿಕ್ಕ ಬಿಸಿಲನ್ನು ಹೇಗೆ ಕೊಡಬೇಕು ಅನ್ನುವುದು ನನ್ನ ಕೈಗೆ ಎಷ್ಟು ಅಭ್ಯಾಸವಾಗಿತ್ತು ಅಂದರೆ, ಅದೂ ಹೇಳಬೇಕಾದ ವಿಷಯ ಅಂತ ಹೊಳೆಯಲೇ ಇಲ್ಲ. ಕಲಿತು ವರ್ಷಗಳಾದ ವಿಷಯ ಕಲಿತದ್ದು ಅಂತಲೇ ಮರೆತುಹೋಗುತ್ತದೆ. ಪ್ರಾಣಿ ಮಾರುವವರಿಗೆ ಇದರಷ್ಟು ಅಪಾಯ ಇನ್ನೊಂದಿಲ್ಲ ಅನಿಸುತ್ತದೆ. ಇವು ಕೂಗುವುದಿಲ್ಲ, ನರಳುವುದಿಲ್ಲ. ನಾಯಿ ಆಗಿದ್ದರೆ ಮೊದಲ ವಾರವೇ ಕುಂಯ್ ಅಂದಿರುತ್ತಿತ್ತು.

ದವಡೆ

ಕಾಗದದ ಪ್ರಕಾರ ಮರಿ ಅವನದೇ. ಚಿಕಿತ್ಸೆಗೆ ಅಂತ ನನ್ನ ಹತ್ತಿರ ಉಳಿಸಿಕೊಂಡೆ. ಮಾರನೇ ದಿನ ರಜೆ ಹಾಕಿ ಹಾಸನಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಪಶುವೈದ್ಯರೊಬ್ಬರು ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದರು. ಬೆನ್ನುಮೂಳೆ ಎಲ್ಲಿ ಮುಗಿಯುತ್ತದೆ, ಮಾಂಸ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗದ ಹಾಗೆ ಮಸುಕಾಗಿತ್ತು. ಕ್ಯಾಲ್ಸಿಯಂ ಸಿರಪ್ಪು, ಡಿ3, ಟ್ಯೂಬಿನ ಬೆಳಕು. ಹತ್ತಲು ಏನೂ ಇಡಬೇಡಿ, ಬಿದ್ದರೆ ಮೂಳೆ ಮುರಿಯುತ್ತದೆ ಅಂದರು. ಅಗಲವಾದ ತಗ್ಗು ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಟ್ಟೆ. ಅಗಿಯಲು ಆಗುತ್ತಿರಲಿಲ್ಲ. ನುಗ್ಗೆ ಸೊಪ್ಪು, ಕುಂಬಳ ರುಬ್ಬಿ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹನಿಹನಿ ಹಾಕುತ್ತಿದ್ದೆ. ದವಡೆಗೆ ಬೆರಳು ತಾಗದ ಹಾಗೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ. ಮಾರ್ಚ್‌ನಲ್ಲಿ ಬೆರಳು ಅದುರುವುದು ನಿಂತಿತು. ಮೇ ತಿಂಗಳಲ್ಲಿ ದಾಸವಾಳದ ಎಸಳನ್ನು ತಾನೇ ಕಚ್ಚಿ ಎಳೆಯಿತು. ದವಡೆ ಗಟ್ಟಿಯಾಗಿದೆ, ಆದರೆ ಬಾಗಿದ್ದು ಬಾಗಿಯೇ ಗಟ್ಟಿಯಾಗಿದೆ. ಬಾಯಿ ಮುಚ್ಚಿದರೂ ಎಡಕ್ಕೆ ನಾಲಿಗೆಯ ಅಂಚು ಕಾಣುತ್ತದೆ. ಅದು ಇನ್ನು ಸರಿಹೋಗುವುದಿಲ್ಲ.

ಈ ನಡುವೆ ಫೆಬ್ರವರಿ ಬಂತು, ಪಚ್ಚೆ ಮತ್ತೆ 31 ಮೊಟ್ಟೆ ಇಟ್ಟಳು. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡಬಹುದು, ಅವು ಬರೀ ಗೊಡ್ಡು. ಆದರೆ ಈ ಸಲದವು ಗೊಡ್ಡಲ್ಲ ಅಂತ ನನಗೆ ಗೊತ್ತಿತ್ತು. ಆರು ಮೊಟ್ಟೆಗೆ ಪೆನ್ಸಿಲ್ ಗುರುತು ಹಾಕಿ ಡಬ್ಬಿಗೆ ಇಳಿಸಿದೆ. ಉಳಿದ 25ನ್ನು ಒಂದು ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಇಟ್ಟೆ. ದಿನ ಕಳೆದಷ್ಟೂ ಒಳಗೆ ಮರಿ ಬೆಳೆಯುತ್ತದೆ, ಮಾಡುವುದಿದ್ದರೆ ಅವತ್ತೇ ಮಾಡಬೇಕು. ಚೀಲ ಇನ್ನೂ ಬೆಚ್ಚಗಿತ್ತು. ಆರೇ ಯಾಕೆ ಅಂದರೆ, ಒಂದು ವರ್ಷದಲ್ಲಿ ಆರು ಮನೆಗೆ ಮಾತ್ರ ನಾನು ಹೋಗಿಬರಬಲ್ಲೆ. ಈಗ ಅದೇ ನನ್ನ ಲೆಕ್ಕ. ಮನೆ ನೋಡದೆ ಮರಿ ಕೊಡುವುದಿಲ್ಲ. ಮೊಟ್ಟೆ ಮರಿಯಾಗದಂತೆ ಮಾಡಿದ್ದಕ್ಕೆ ಇದನ್ನೇ ಸಾಕುವ ಕೆಲವು ಗೆಳೆಯರು ಬೇಜಾರು ಮಾಡಿಕೊಂಡರು. 25 ಮರಿ ಅಂದರೆ ಲಕ್ಷ ರೂಪಾಯಿ ಅಂದರು. ನಾನು 25 ಕಿಟಕಿಗಳ ಲೆಕ್ಕ ಹಾಕುತ್ತಿದ್ದೆ.

ಫೋನಿಗೆ ಬರುವವರು

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದು ಗುಟ್ಟಾಗಿ ಮಾಡುವ ವ್ಯವಹಾರ ಅಲ್ಲ. ಹಸಿರು ಇಗ್ವಾನಾ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರದೇಶದ ಪ್ರಾಣಿ ಸಾಕಿದವರು ತಾವಾಗಿ ಘೋಷಿಸಿಕೊಳ್ಳಿ ಅಂತ ಆರು ತಿಂಗಳು ಕೊಟ್ಟಾಗ ನಾನು ಎರಡನ್ನೂ ಬರೆಸಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು, 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದವು. ಈಗ ಎಲ್ಲಾ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಮರಿ ಹುಟ್ಟಿದ್ದೂ ತಿಳಿಸಬೇಕು, ಕೈ ಬದಲಾದದ್ದೂ ತಿಳಿಸಬೇಕು. ಕೆಲಸ ಜಾಸ್ತಿಯೇ, ಆದರೆ ಬೇಕು. ಒಮ್ಮೆ ನಾನು ಉಡ ಸಾಕಿದ್ದೇನೆ ಅಂತ ಯಾರೋ ದೂರು ಕೊಟ್ಟು ಅರಣ್ಯ ಇಲಾಖೆಯವರು ಬಾಗಿಲಿಗೆ ಬಂದಿದ್ದರು. ಕಾಗದ ತೋರಿಸಿದೆ, ಪಚ್ಚೆಯನ್ನೂ ತೋರಿಸಿದೆ, ಚಹಾ ಕುಡಿದು ಹೋದರು.

ಬೇಸರ ಆಗುವುದು ಬೇರೆ ಫೋನುಗಳಿಂದ. ಉಡದ ಎಣ್ಣೆ ಸಿಗುತ್ತಾ? ನಕ್ಷತ್ರ ಆಮೆ ಸಿಗುತ್ತಾ, ಮನೆಗೆ ಲಕ್ಷ್ಮಿ ಬರುತ್ತಂತೆ? ಎರಡೂ ನಮ್ಮ ಕಾಡಿನ ಜೀವಗಳು, ಎರಡೂ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹಿಡಿಯುವುದು, ಸಾಕುವುದು, ಮಾರುವುದು ಎಲ್ಲಾ ಅಪರಾಧ. ಹೀಗೆ ಹಿಡಿದು ಮಾರುವುದು ಎಷ್ಟು ಹೆಚ್ಚಾಯಿತು ಅಂದರೆ 2019ರಲ್ಲಿ ನಕ್ಷತ್ರ ಆಮೆಯನ್ನು ಸೈಟಿಸ್‌ನ ಮೊದಲ ಅನುಬಂಧಕ್ಕೆ ಏರಿಸಬೇಕಾಯಿತು. ಇಲ್ಲ ಅಂತ ಹೇಳಿ ಫೋನ್ ಇಡುವುದಿಲ್ಲ, ಇದನ್ನೆಲ್ಲಾ ಹೇಳಿಯೇ ಇಡುತ್ತೇನೆ. ಇನ್ನು ಕೆಲವರು ಸಾಕಿ ಬೇಜಾರಾದವರು. ತೋಟಕ್ಕೆ ಬಿಟ್ಟುಬಿಡಲಾ, ಅಲ್ಲಿ ಎಲೆಗೇನು ಕಮ್ಮಿ, ಅನ್ನುತ್ತಾರೆ. ಫ್ಲೋರಿಡಾದಲ್ಲಿ ಹಾಗೇ ಬಿಟ್ಟ ಇಗ್ವಾನಾಗಳು ಸಾವಿರಗಟ್ಟಲೆಯಾಗಿ ಕಾಲುವೆ ದಂಡೆಗಳನ್ನು ಕೊರೆಯುತ್ತಿವೆ. ಚಳಿ ಹೆಚ್ಚಾದ ದಿನ ಮರದಿಂದ ಮರಗಟ್ಟಿ ಉದುರುತ್ತವೆ. ಬಿಡಬೇಡಿ, ನನಗೇ ತಂದುಕೊಡಿ ಅನ್ನುತ್ತೇನೆ.

ತಾರಸಿ

ಈ ತಿಂಗಳ ಮೊದಲ ಭಾನುವಾರ ನಾನು ಕಡೂರಿಗೆ ಹೋದೆ. ನಾನು ವಾಪಸ್ ಕೊಟ್ಟ 4,000 ರೂಪಾಯಿಯನ್ನು ಅವನು ಜನವರಿಯಲ್ಲಿ ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಆಮೇಲೆ ಒಪ್ಪಿ ತೆಗೆದುಕೊಂಡು, ಅದೇ ದುಡ್ಡಿನಲ್ಲಿ ಕಬ್ಬಿಣದ ಪಟ್ಟಿ, ಜಾಲರಿ ತಂದು, ಐಟಿಐನಲ್ಲಿ ಕಲಿತ ವೆಲ್ಡಿಂಗ್‌ನಲ್ಲಿ ತಾನೇ ಪಂಜರ ಕಟ್ಟಿದ್ದ. ಆಳೆತ್ತರ. ನಾಲ್ಕೂ ಕಡೆ ಜಾಲರಿ, ಮೇಲೂ ಜಾಲರಿ, ಒಂದು ಮೂಲೆಗೆ ಮಾತ್ರ ನೆರಳಿಗೆ ತೆಂಗಿನ ಗರಿ. ಒಳಗೆ ಕೈ ಹಾಕಿ ಹೊರಳಿಸಿ ನೋಡಿದೆ. ಅಂಗೈ ಮೇಲೆ ಜಾಲರಿಯ ಚೌಕಗಳ ನೆರಳು, ನಡುವೆ ಸುಡುವ ಬಿಸಿಲು. ಬೆಕ್ಕು ತಾರಸಿಯ ಗೋಡೆ ಮೇಲೆ ಕೂತಿತ್ತು. ಬಾಗಿಲಿಗೆ ಎರಡು ಚಿಲಕ ಇಟ್ಟಿದ್ದಾನೆ.

ನನ್ನ ಜೊತೆ ತಂದಿದ್ದ ಮರಿಯನ್ನು ಬುಟ್ಟಿಯಿಂದ ತೆಗೆದು ಕೊಂಬೆ ಮೇಲೆ ಇಟ್ಟೆವು. ಬಸ್ಸಿನ ಗಾಳಿಗೆ ಮೈ ತಣ್ಣಗಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಚಳಿಯಾದಾಗ ಇವು ಹೀಗೆ ಕಪ್ಪಾಗುತ್ತವೆ, ಬಿಸಿಲು ಬೇಗ ಹೀರಲಿ ಅಂತ. ನಾವಿಬ್ಬರೂ ನೆಲದ ಮೇಲೆ ಕೂತೆವು. ಹದಿನೈದು ನಿಮಿಷಕ್ಕೆ ಕತ್ತಿನ ಹತ್ತಿರ ಹಸಿರು ಕಾಣಿಸಿತು, ಆಮೇಲೆ ಪಕ್ಕೆಗೆ ಇಳಿಯಿತು. ಪಕ್ಕೆಗಳನ್ನು ಅಗಲ ಮಾಡಿ, ಚಪ್ಪಟೆಯಾಗಿ, ಕಣ್ಣು ಮುಚ್ಚಿಕೊಂಡಿತು. ಇವಕ್ಕೆ ನೆತ್ತಿಯ ಮೇಲೆ ಇನ್ನೊಂದು ಕಣ್ಣಿದೆ, ಸಾಸಿವೆಯಷ್ಟು ದೊಡ್ಡ ಮಸುಕು ಹುರುಪೆಯ ಹಾಗೆ ಕಾಣುತ್ತದೆ. ಆಕಾರ ಕಾಣದು, ಬೆಳಕು ನೆರಳು ಮಾತ್ರ ಗೊತ್ತಾಗುತ್ತದೆ. ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಅದರ ನೆರಳು ತಾರಸಿ ದಾಟಿ, ಪಂಜರ ದಾಟಿ ಹೋಯಿತು. ಮುಚ್ಚಿದ ಕಣ್ಣು ಮುಚ್ಚಿಯೇ ಇತ್ತು, ಆದರೆ ಮರಿ ಕೊಂಬೆಗೆ ಮೈಯೆಲ್ಲಾ ಒತ್ತಿಕೊಂಡು ನಾಲ್ಕೂ ಕಾಲಿನಿಂದ ಬಿಗಿಯಾಗಿ ಹಿಡಿಯಿತು.

"ಅಕ್ಕ, ನೋಡಿದ್ರಾ?" ಅಂದ ಹುಡುಗ.